ನಾಲ್ಕು ಮುಳ್ಳಿನ ನಕ್ಷತ್ರಗಳು

ಪಲ್ಲಾಂಗ ಊರಿನ ಹದಾರಾ ನೇಯ್ದ ರೇಷ್ಮೆ ಲುಂಗಿಯನ್ನು ಬೆಳಕಿಗೆ ಹಿಡಿದರೆ ಎಡ ಅಂಚಿನಿಂದ ನಾಲ್ಕು ಬೆರಳು ಒಳಗೆ ಒಂದು ಸಣ್ಣ ಗೀಟು ಕಾಣುತ್ತಿತ್ತು. ಅವಳ ಮಗ್ಗದ ಹಣಿಗೆಯ ಒಂದು ಹಲ್ಲು ಸೊಟ್ಟಗಾಗಿತ್ತು. ತಾಯಿಯ ಕಾಲದ ಹಣಿಗೆ, ಬದಲಾಯಿಸಲು ಮನಸ್ಸಾಗಲಿಲ್ಲ. ಸಂತೆಯ ಬಟ್ಟೆ ವ್ಯಾಪಾರಿಗಳು ಆ ಗೀಟು ನೋಡಿ, ಇದು ಪಲ್ಲಾಂಗದ ತಾಂಡೇಲನ ಹೆಂಡತಿಯ ಕೈಯದು ಎಂದು ಹೇಳಿಬಿಡುತ್ತಿದ್ದರು. ದೂರದ ಮೂಡಣ ದ್ವೀಪವೊಂದರ ಆ ಮಂದಾರ್ ತೀರದಲ್ಲಿ ಮದುವೆ ನಿಶ್ಚಯವಾದ ಮನೆಯವರು ಹುಡುಕಿಕೊಂಡು ಬರುತ್ತಿದ್ದುದು ಅವಳ ಬಟ್ಟೆಯನ್ನೇ. ಎಳೆ ಎಣಿಸುವುದರಲ್ಲಿ ಅವಳು ತಪ್ಪಿದ್ದನ್ನು ಯಾರೂ ಕಂಡಿರಲಿಲ್ಲ.

ಅಲ್ಲಿನ ಮಗ್ಗಕ್ಕೆ ಕಾಲುಗಳಿಲ್ಲ. ನೆಲದ ಮೇಲೆ ಕಾಲು ಚಾಚಿ ಕೂತು, ಹಾಸಿನ ಎಳೆಗಳ ಒಂದು ತುದಿಯನ್ನು ಪಾದದ ಮುಂದಿನ ಹಲಗೆಗೆ ಕಟ್ಟಿ, ಇನ್ನೊಂದು ತುದಿಯ ಕೋಲನ್ನು ಸೊಂಟದ ಹಿಂದಿನ ಮರದ ಪಟ್ಟಿಗೆ ಬಿಗಿಯಬೇಕು. ಒಮ್ಮೆ ಬಿಗಿದರೆ ಹೆಂಗಸು ಮಗ್ಗದ ಒಂದು ಭಾಗವೇ. ಬಾಗಿಲಿಗೆ ಯಾರು ಬಂದರೂ ಏಳುವಂತಿಲ್ಲ. ಒಲೆಯ ಮೇಲೆ ಹಾಲು ಉಕ್ಕಿದರೂ ಕೂಗಿ ಹೇಳಬೇಕೇ ಹೊರತು ತಾನೇ ಹೋಗುವಂತಿಲ್ಲ. ಹದಾರಾ ಒಂಬತ್ತನೆಯ ವಯಸ್ಸಿನಿಂದ ಹಾಗೆ ಕೂತವಳು. ಹದಿನೇಳಕ್ಕೆ ಬದೊಲ್ಲಾನ ಕೈ ಹಿಡಿದಳು. ಅವನು ಇಪ್ಪತ್ತಾರಕ್ಕೆ ತಂದೆಯಿಂದ ಚುಕ್ಕಾಣಿ ಪಡೆದು ದೋಣಿ ನಡೆಸುವ ತಾಂಡೇಲನಾದ. ಒಬ್ಬಳು ಮಗಳಾದಳು, ನಾಸಿರಾ. ಅಂದಿನಿಂದ ಅವಳು ಊರಿಗೆ ನಾಸಿರಾನ ಅಮ್ಮ, ಅವನು ನಾಸಿರಾನ ಅಪ್ಪ. ಮಗಳು ಮದುವೆಯಾಗಿ ಎರಡು ಊರು ಆಚೆ ಹೋದಳು. ತನ್ನ ತಾಯಿಯ ಕಣ್ಣು ಹೋದ ಮೇಲೆ ಹದಾರಾ ತಾನೇ ಸಾಕಿ ದೊಡ್ಡವನನ್ನಾಗಿ ಮಾಡಿದ ತಮ್ಮ ಮುಸ್ತಾರಿ ಮಾತ್ರ ಊರಲ್ಲೇ ಉಳಿದು, ಭಾವನ ದೋಣಿಯಲ್ಲಿ ಹಾಯಿ ಹಗ್ಗ ಹಿಡಿಯುವ ಖಲಾಸಿಯಾದ.

ಬದೊಲ್ಲಾನ ಕಸುಬು ಹಾರುಮೀನಿನ ಮೊಟ್ಟೆ ತರುವುದು. ನಾಲ್ಕು ಜನ, ಎರಡೂ ಮಗ್ಗುಲಿಗೆ ಬಿದಿರು ಕಟ್ಟಿದ ಒಂದು ದೋಣಿ, ದಡ ಕಾಣದ ನೀರಿನಲ್ಲಿ ಇಪ್ಪತ್ತು ಇಪ್ಪತ್ತೈದು ದಿನ. ದಿಕ್ಸೂಚಿಯ ಪೆಟ್ಟಿಗೆಯೊಂದು ದೋಣಿಯಲ್ಲಿತ್ತು, ಅದರೊಳಗೆ ಉಪ್ಪುನೀರು ನುಗ್ಗಿ ಮುಳ್ಳು ಅಂಟಿಕೊಂಡು ಯಾವ ಕಾಲವೋ ಆಗಿತ್ತು. ಯಾರೂ ಅದನ್ನು ರಿಪೇರಿ ಮಾಡಿಸಲಿಲ್ಲ. ಬದೊಲ್ಲಾ ಇರುವಾಗ ಅದು ಯಾಕೆ ಬೇಕು ಎನ್ನುತ್ತಿದ್ದರು. ಅವನ ತಂದೆ, ತಂದೆಯ ತಂದೆ, ಎಲ್ಲರೂ ನಕ್ಷತ್ರ ನೋಡಿ ದೋಣಿ ನಡೆಸಿದವರೇ.

ಒಂದು ವರ್ಷ ಮಾತ್ರ ವಾಪಸು ಬರುವಾಗ ದೋಣಿ ಬಂಡೆಗೆ ತಗುಲಿತು. ಎಡಗಡೆಯ ಬಿದಿರು ಮುರಿಯಿತು. ಬಿದಿರಿಗೂ ಬಂಡೆಗೂ ನಡುವೆ ಸಿಕ್ಕಿ ಮುಸ್ತಾರಿಯ ಎರಡು ಬೆರಳು ಹೋದವು. ಸೆಳೆತ ಜಾಸ್ತಿಯಿತ್ತು ಎಂದು ಬದೊಲ್ಲಾ ಹೇಳಿದ. ಸೆಳೆತವೇ ಎಂದು ಮುಸ್ತಾರಿ ಹೇಳಿದ. ಊರೂ ಅದನ್ನೇ ಹೇಳಿತು.

ಮರುವರ್ಷ ಫೆಬ್ರವರಿಯಲ್ಲಿ ಬಾಚೋನ ಕಾಫಿ ಅಂಗಡಿಗೆ ಒಂದು ಕ್ಯಾಲೆಂಡರ್ ಬಂತು. ಯಾವುದೋ ಹಡಗು ಕಂಪನಿಯವರು ಹಂಚಿದ್ದು. ಹನ್ನೆರಡು ತಿಂಗಳಿಗೆ ಹನ್ನೆರಡು ನಕ್ಷತ್ರದ ಚಿತ್ರ, ಭೂಮಿ ಬಿಟ್ಟು ಮೇಲೆ ಹೋದ ಕ್ಯಾಮೆರಾದಿಂದ ತೆಗೆದವು. ಕಪ್ಪು ಆಕಾಶ, ಅಲ್ಲಲ್ಲಿ ನೇರಳೆ ಹೊಗೆ, ಎದ್ದು ಕಾಣುವ ಪ್ರತಿ ನಕ್ಷತ್ರಕ್ಕೂ ನಾಲ್ಕು ಮುಳ್ಳು, ಮೇಲೊಂದು ಕೆಳಗೊಂದು ಅತ್ತೊಂದು ಇತ್ತೊಂದು. ಬಾಚೋ ಬಾಯಿಬಡುಕ. ನೋಡಿದ ಕೂಡಲೇ, ಪರದೇಶದವರು ನಕ್ಷತ್ರಕ್ಕೂ ಶಿಲುಬೆ ತೊಡಿಸಿದ್ದಾರೆ ಎಂದ. ಮಾತು ಅಂಗಡಿಯಿಂದ ದೋಣಿ ಕಟ್ಟುವ ಜಾಗಕ್ಕೆ, ಅಲ್ಲಿಂದ ಮಸೀದಿಯ ಜಗಲಿಗೆ ಹೋಯಿತು. ಇಮಾಮರು ನಕ್ಕು, ಅಷ್ಟು ಎತ್ತರಕ್ಕೆ ಏಣಿ ಯಾರು ಹೊತ್ತರಂತೆ ಎಂದು ಕೇಳಿ ಸುಮ್ಮನಾದರು. ಆದರೆ ಬೇರೆಯವರು ಸುಮ್ಮನಾಗಲಿಲ್ಲ. ಶಾಲೆಯ ಮೇಷ್ಟ್ರು, ರಂತೆ ಎಂದು ಹೆಸರು, ತೊರಾಜಾ ಬೆಟ್ಟದ ಕಡೆಯವರು, ಕ್ರೈಸ್ತರು. ಹನ್ನೊಂದು ವರ್ಷದಿಂದ ಅದೇ ಅಂಗಡಿಯಲ್ಲಿ ಬೆಳಗಿನ ಕಾಫಿ ಕುಡಿಯುತ್ತಿದ್ದವರು. ಅವರ ಲೋಟಕ್ಕೆ ಕಾಫಿ ಬಗ್ಗಿಸುತ್ತ ಬಾಚೋ, "ಮೇಷ್ಟ್ರೇ, ನಿಮ್ಮೋರು ನಮ್ಮ ಆಕಾಶಾನೂ ಬಿಡ್ಲಿಲ್ವಲ್ಲ" ಎಂದ. ಮೇಷ್ಟ್ರು ನಕ್ಕರು. ಆ ನಗು ತುಟಿ ದಾಟಿರಲಿಲ್ಲ.

ತೀರ್ಪು ಹೇಳಲು ಬದೊಲ್ಲಾನನ್ನೇ ಕರೆಸಿದರು. ಹದಾರಾ ಆಗ ಮರಗೆಣಸಿನ ರೊಟ್ಟಿಯ ಬುಟ್ಟಿ ಕೊಡಲು ಅಂಗಡಿಯ ಪಕ್ಕದಲ್ಲಿ ನಿಂತಿದ್ದಳು. ಅವನು ಬಂದ. ಕ್ಯಾಲೆಂಡರಿಗೆ ಮೂಗು ತಾಗುವಷ್ಟು ಹತ್ತಿರ ಬಾಗಿದ. ತುಂಬ ಹೊತ್ತು ನೋಡಿದ. ಸೇದಿ ಮುಗಿದ ಬೀಡಿಯ ತುದಿಯನ್ನು ನೆಲಕ್ಕೆ ಒತ್ತಿ, "ಸುಳ್ಳು" ಎಂದ.

"ನಕ್ಷತ್ರಕ್ಕೆ ನಾಲ್ಕೇ ಮುಳ್ಳಾ? ರಂಬುಟಾನ್ ಹಣ್ಣಿಗೆ ಇರೋ ಹಾಗೆ ಸುತ್ತ ಕೂದಲು ಇರುತ್ತೆ. ಮೂವತ್ತು ವರ್ಷ ನೋಡಿದೀನಿ. ಇದು ಯಾರೋ ಮನೇಲಿ ಕೂತು ಕಪ್ಪು ಬಟ್ಟೆಗೆ ಸೂಜಿ ಚುಚ್ಚಿ ತೆಗೆದಿರೋದು."

ಮೇಷ್ಟ್ರು ಮೆಲ್ಲಗೆ, ಆ ಮುಳ್ಳು ನಕ್ಷತ್ರದ್ದಲ್ಲ, ಕ್ಯಾಮೆರಾದ ಒಳಗಿನ ಕನ್ನಡಿಯನ್ನು ಹಿಡಿದಿರುವ ಕಡ್ಡಿಗಳ ಗುರುತು ಎಂದರು. ಬದೊಲ್ಲಾ ಅವರ ಕಡೆ ತಿರುಗಿದ. ಅಷ್ಟು ಗಟ್ಟಿಯಾಗಿ ಅವನು ಮಾತಾಡಿದ್ದನ್ನು ಹದಾರಾ ಅಂಗಡಿಯಲ್ಲಿ ಕೇಳಿದವಳಲ್ಲ.

"ಈ ಚಿತ್ರ ನಿಜ ಅಂತ ಆದ್ರೆ ನಾನು ತಾಂಡೇಲ ಅಲ್ಲ. ಆಮೇಲೆ ಚುಕ್ಕಾಣಿ ಮುಟ್ಟಲ್ಲ. ಅಲ್ಲಾಹನ ಆಣೆ. ಹೇಳಿ ಮೇಷ್ಟ್ರೇ, ನಿಜ ಅಂತ ತೋರಿಸಿ."

ಪಲ್ಲಾಂಗದಲ್ಲಿ ಹತ್ತು ಜನರ ಮುಂದೆ ಇಟ್ಟ ಆಣೆ ಆಡಿದವನೊಬ್ಬನದಲ್ಲ, ಅವನ ಮನೆಯದು, ಸತ್ತ ತಂದೆಯದೂ ಸೇರಿ. ಮೇಷ್ಟ್ರು ಸುತ್ತ ಕೂತವರ ಮುಖ ನೋಡಿದರು. ಆಮೇಲೆ ತಲೆ ತಗ್ಗಿಸಿ, "ಆಕಾಶದ ವಿಷಯ ನಿಮಗೆ ಗೊತ್ತಿರೋದು ನನಗೇನು ಗೊತ್ತು ಪುಆ" ಎಂದರು. ಹಿರಿಯರನ್ನು ಅಲ್ಲಿ ಪುಆ ಎನ್ನುವುದು ವಾಡಿಕೆ. ಜನ ಬದೊಲ್ಲಾನ ಬೆನ್ನು ತಟ್ಟಿದರು. ಇಷ್ಟು ದೊಡ್ಡ ಮೋಸವನ್ನು ನಮ್ಮ ತಾಂಡೇಲ ಒಂದು ನೋಟಕ್ಕೆ ಹಿಡಿದುಬಿಟ್ಟ ಎಂದರು. ಹದಾರಾ ಗಂಡನ ಮುಖ ನೋಡಿದಳು. ಗೆದ್ದವನ ಮುಖ ಹಾಗಿರುವುದಿಲ್ಲ ಎನ್ನಿಸಿತು. ಯಾಕೆಂದು ತಿಳಿಯಲಿಲ್ಲ.

ಅಂದು ಸಂಜೆ, ಕಂಬಗಳ ಮೇಲೆ ಎತ್ತರಕ್ಕೆ ನಿಂತ ಮನೆಯ ಏಣಿಯ ಮೆಟ್ಟಿಲ ಮೇಲೆ ಕೂತು ಅವಳು ಆಕಾಶ ನೋಡಿದಳು. ನಕ್ಷತ್ರಗಳು ಮಿನುಗುತ್ತಿದ್ದವು, ಆದರೆ ಯಾವುದಕ್ಕೂ ಕೂದಲಿರಲಿಲ್ಲ. ಸೂಜಿಯ ಮೊನೆಯ ಹಾಗೆ ಇದ್ದವು. ಕಪ್ಪು ಬಟ್ಟೆಗೆ ಚುಚ್ಚಿದ ಹಾಗೆ ಎಂದು ಅವನೇ ಹೇಳಿದ್ದನಲ್ಲ, ಸರಿಯಾಗಿ ಹಾಗೆಯೇ. ಕಣ್ಣು ಉಜ್ಜಿಕೊಂಡು ಮತ್ತೆ ನೋಡಿದಳು. ಆಗ ಅವಳಿಗೆ ತಾಯಿಯ ಮಾತು ನೆನಪಾಯಿತು. ಕಣ್ಣು ಪೂರ್ತಿ ಹೋಗುವ ಮೂರು ವರ್ಷ ಮೊದಲು ತಾಯಿ ಒಂದು ಸಂಜೆ, ದೀಪಕ್ಕೆ ಯಾಕೆ ಇವತ್ತು ಕೂದಲು ಬಂದಿದೆ, ಬತ್ತಿ ಸರಿ ಮಾಡು ಎಂದಿದ್ದಳು. ಹದಾರಾ ಬತ್ತಿ ಕತ್ತರಿಸಿದ್ದಳು. ಮತ್ತೊಮ್ಮೆ ಕತ್ತರಿಸಿದ್ದಳು. ಕೂದಲು ಹೋಗಿರಲಿಲ್ಲ.

ಅವಳು ಮೆಟ್ಟಿಲು ಹತ್ತಿ ಒಳಗೆ ಹೋದಳು.

ಮರುದಿನ ಬೆಳಿಗ್ಗೆ ಅವಳು ಮಗ್ಗ ಬಿಗಿದು ಕೂತ ಮೇಲೆ ಬದೊಲ್ಲಾ ಬಂದು ಅವಳ ಪಾದದ ಹಲಗೆಯ ಆಚೆ ಕೂತ. ಅವಳು ಎದ್ದು ಹೋಗಲಾಗದ ಹೊತ್ತನ್ನೇ ಅವನು ಆರಿಸಿಕೊಂಡಿದ್ದ.

"ನಿನ್ನೆ ಸಂಜೆ ನೀನು ಮೆಟ್ಟಿಲ ಮೇಲೆ ಕೂತಿದ್ದೆ" ಎಂದ.

"ಹೂಂ."

"ನೋಡಿದ್ಯಾ?"

"ನೋಡಿದೆ. ಕೂದಲಿಲ್ಲ, ನಾಸಿರಾನ ಅಪ್ಪ."

ಅವನು ತಲೆಯಾಡಿಸಿದ. ಎರಡು ವರ್ಷವಾಯಿತು ಎಂದ. ಮೊದಲ ವರ್ಷ ಮಂಜು ಎಂದುಕೊಂಡನಂತೆ. ಎರಡನೆಯ ವರ್ಷ, ದೋಣಿಯವರು ವಿಧವೆ ಎಂದು ಕರೆಯುವ ಜೋಡಿ ನಕ್ಷತ್ರ ಒಂದೇ ಉಂಡೆಯಾಗಿ ಕಂಡಾಗ ಗೊತ್ತಾಯಿತಂತೆ. ಬಂಡೆಗೆ ಬಡಿದಾಗ ಸೆಳೆತವೇನೂ ಇರಲಿಲ್ಲವಂತೆ. ಹದಾರಾ ಲಾಳಿ ಕೆಳಗಿಟ್ಟಳು. ಹಾಗಾದರೆ ಬಿಟ್ಟುಬಿಡಿ, ಕಣ್ಣು ಸರಿಯಿಲ್ಲ ಎಂದು ಹೇಳಿಬಿಡಿ ಎಂದಳು.

"ಹೇಳಿದ್ರೆ ನಿನ್ನ ತಮ್ಮನ ಬೆರಳು ಯಾರ ತಲೆಗೆ ಬರುತ್ತೆ?" ಎಂದ ಅವನು. "ಕಾಣದೆ ಇದ್ದೋನು ನಾಲ್ಕು ಜನರ ಜೀವ ಇಟ್ಕೊಂಡು ಹೋದ ಅಂತಾರೆ. ನಮ್ಮಪ್ಪನ್ನೂ ಸೇರಿಸಿ ಅಂತಾರೆ. ಅದಕ್ಕೇ ಆಣೆ ಇಟ್ಟೆ. ಮೇಷ್ಟ್ರು ಓದಿದೋನು, ಜಗಳ ಆಡ್ತಾನೆ, ಚಿತ್ರ ನಿಜ ಅಂತ ಸಾಧಿಸ್ತಾನೆ. ನಾನು ಆಣೆಗೆ ಸಿಕ್ಕಿ ಚುಕ್ಕಾಣಿ ಬಿಟ್ಟೆ ಅಂತಾಗುತ್ತೆ, ಕಣ್ಣಿನ ಸುದ್ದಿ ಬರಲ್ಲ ಅಂದ್ಕೊಂಡೆ. ಅವನು ತಲೆ ಬಗ್ಗಿಸಿಬಿಟ್ಟ."

ಈಗ ಊರೆಲ್ಲ ನನ್ನ ಕಡೆ ಇದೆ ಎಂದು ಎದ್ದುಹೋದ. ಮುಚ್ಚಿದ ಬಾಗಿಲ ಒಳಗೆ ನಿಂತವನ ಧ್ವನಿಯಿತ್ತು ಅದರಲ್ಲಿ.

ದೋಣಿ ಹೊರಡಲು ಮೂವತ್ತೆಂಟು ದಿನ ಉಳಿದಿತ್ತು. ಆಣೆಗೆ ಅವನೇ ಇಟ್ಟ ಬಾಗಿಲೊಂದಿದೆ, ಚಿತ್ರ ನಿಜವೆಂದು ಊರು ಒಪ್ಪಿದರೆ ಅದು ತೆರೆಯುತ್ತದೆ ಎಂದು ಹದಾರಾ ಲೆಕ್ಕ ಹಾಕಿದಳು. ಮೊದಲು ಅವಳಿಗೇ ಆ ಚಿತ್ರದ ಮೇಲೆ ಅನುಮಾನವಿತ್ತು. ಎಲ್ಲ ಮುಳ್ಳೂ ಒಂದೇ ವಾಟ, ಒಂದೇ ದಿಕ್ಕು. ದೇವರ ಕೈ ಹಾಗೆ ಕೆಲಸ ಮಾಡುವುದಿಲ್ಲ. ಶಾಲೆ ಬಿಟ್ಟ ಮೇಲೆ ಮೇಷ್ಟ್ರ ಮನೆಗೆ ಹೋಗಿ, ಕಡ್ಡಿಯ ಗುರುತು ಎಂದಿರಲ್ಲ, ಅದೇನೆಂದು ಬಿಡಿಸಿ ಹೇಳಿ ಎಂದಳು. ಮೇಷ್ಟ್ರು ಕನ್ನಡಿ, ಅದರ ಮುಂದೆ ನಾಲ್ಕು ಕಡ್ಡಿ ಎಂದು ಬರೆದು ತೋರಿಸಿದರು. ಬೆಳಕು ಕಡ್ಡಿಗೆ ತಾಗಿ ಚದುರುತ್ತದೆ, ಯಾವ ನಕ್ಷತ್ರ ನೋಡಿದರೂ ಅದೇ ಕಡ್ಡಿ, ಅದಕ್ಕೇ ಅದೇ ಮುಳ್ಳು ಎಂದರು. ಬೆಳಕಿನ ಮಾತು ಅವಳಿಗೆ ಪೂರ್ತಿ ಹತ್ತಲಿಲ್ಲ. ಆದರೆ ತನ್ನ ಹಣಿಗೆಯ ಸೊಟ್ಟ ಹಲ್ಲು ಹತ್ತಿತು. ಮೂವತ್ತು ವರ್ಷದ ಬಟ್ಟೆಗೆಲ್ಲ ಒಂದೇ ಜಾಗದಲ್ಲಿ ಗೀಟು. ಗೀಟು ಇದೆಯೆಂದು ಬಟ್ಟೆ ಸುಳ್ಳಲ್ಲ, ಹಣಿಗೆ ನಿಜ ಅಷ್ಟೆ.

ಇದನ್ನು ನೀವೇ ಅಂಗಡಿಯಲ್ಲಿ ಹೇಳಿ ಎಂದು ಬೇಡಿದಳು. ಮೇಷ್ಟ್ರು ಕಾಗದ ಮಡಚಿದರು. ನಾನು ಈ ಊರಿಗೆ ಹೊರಗಿನವನು ತಾಯಿ, ಶಿಲುಬೆಯ ಮಾತು ಆಗಲೇ ಎದ್ದಿದೆ, ನನ್ನ ಬಾಯಿಂದ ನಿಮ್ಮ ತಾಂಡೇಲನ ಚುಕ್ಕಾಣಿ ಹೋದರೆ ಮರುದಿನ ನಾನು ಗಂಟು ಕಟ್ಟಬೇಕು ಎಂದರು. ಅವರು ಹೇಳಿದ್ದರಲ್ಲಿ ತಪ್ಪೇನೂ ಅವಳಿಗೆ ಕಾಣಲಿಲ್ಲ.

ಆಮೇಲೆ ಅವಳು ಮುಸ್ತಾರಿಯನ್ನು ಹಿಡಿದಳು. ಕ್ಯಾಲೆಂಡರಿನ ಮಾರ್ಚ್ ಪುಟದಲ್ಲಿ ಕೃತ್ತಿಕೆಯ ಗುಂಪು ಇತ್ತು. ಸಂಜೆ ಬಾಚೋನ ಅಂಗಡಿಯ ಮುಂದೆ ತಮ್ಮನನ್ನು ನಿಲ್ಲಿಸಿ, ಚಿತ್ರ ಕೈಗೆ ಕೊಟ್ಟು, ಪಡುವಣದಲ್ಲಿ ಕಾಣುವ ಗುಂಪಿನ ಜೊತೆ ಹೋಲಿಸಿ ಹೇಳು ಎಂದಳು. ಅವನ ಕಣ್ಣು ಗಿಡುಗನದು. ಉಳಿದ ಮೂರು ಬೆರಳಲ್ಲಿ ಒಂದೊಂದನ್ನೇ ತೋರಿಸಿ, ಇದು ಇಲ್ಲಿದೆ, ಇದು ಇಲ್ಲಿದೆ, ಮೂಲೆಯಲ್ಲಿರುವ ಚಿಕ್ಕದೂ ಇದೆ, ಜಾಗ ಒಂದಿಷ್ಟೂ ತಪ್ಪಿಲ್ಲ ಎಂದ. ಹದಾರಾ ಬಾಚೋನ ಕಡೆ ನೋಡಿದಳು.

"ಇನ್ನೇನು ಮತ್ತೆ" ಎಂದ ಬಾಚೋ. "ಕಳ್ಳ ನೋಟು ಅಚ್ಚು ಹಾಕೋನು ಅಸಲಿ ನೋಟು ಮುಂದಿಟ್ಕೊಂಡೇ ಹಾಕೋದು. ಆಕಾಶ ನೋಡಿ ಬರೆದಿದ್ದಾರೆ, ಕೂದಲು ಬರೆಯೋಕೆ ಮರೆತಿದ್ದಾರೆ. ಪುಆ ಹಿಡಿದಿದ್ದು ಅದನ್ನೇ ಅಲ್ವಾ?"

ಕೂತವರೆಲ್ಲ ಹೌದು ಹೌದೆಂದರು. ಒಬ್ಬ, ನಾಸಿರಾನ ಅಮ್ಮ ಗಂಡನ ಆಣೆ ಮುರಿಯಲು ಯಾಕೆ ಇಷ್ಟು ಓಡಾಡುತ್ತಿದ್ದಾಳೆ, ಅವನು ಕಡಲಿಗೆ ಹೋದರೆ ಇಪ್ಪತ್ತೈದು ದಿನ ಮನೆಯಲ್ಲಿ ಬೇರೆ ಯಾರ ಜೊತೆ ಜಗಳ ಆಡಬೇಕೆಂದೋ ಎಂದು ನಗಿಸಿದ. ನಿಮ್ಮಲ್ಲಿ ಯಾರಿಗಾದರೂ ಆ ಕೂದಲು ಕಾಣುತ್ತದೆಯೇ ಎಂದು ಅವಳು ಕೇಳಬಹುದಿತ್ತು. ಕೇಳಿದ್ದರೆ ಮುಗಿಯುತ್ತಿತ್ತು, ಎಲ್ಲರೂ ತಲೆಯೆತ್ತಿ ನೋಡುತ್ತಿದ್ದರು. ಮಾತು ನಾಲಿಗೆಯ ತುದಿಗೆ ಬಂತು. ಎದುರಿಗೆ ಮುಸ್ತಾರಿಯ ಕೈ ಇತ್ತು. ನುಂಗಿಕೊಂಡಳು.

ದಾರಿಯಲ್ಲಿ ಮುಸ್ತಾರಿ, "ಬಿಡಕ್ಕ. ನಮಗೆ ಬರಿಗಣ್ಣಿಗೆ ಕಾಣೋದು ಎಷ್ಟು, ಭಾವನಿಗೆ ಕಾಣೋದು ಎಷ್ಟು. ನನಗೆ ಕೂದಲು ಕಾಣಲ್ಲ, ಅದಕ್ಕೇ ನಾನು ಖಲಾಸಿ, ಅವರು ತಾಂಡೇಲ" ಎಂದ. ಅವನಿಗೆ ಅನುಮಾನದ ಎಳೆಯೂ ಇರಲಿಲ್ಲ. ಅವನಷ್ಟೇ ಅಲ್ಲ, ಕೂದಲು ಕಾಣದ ಊರೆಲ್ಲ ಕೊರತೆ ತಮ್ಮ ಕಣ್ಣಿನದೇ ಎಂದು ತಿಳಿದಿತ್ತು.

ದಿನಗಳು ಹೋದವು. ದೋಣಿಗೆ ಬಣ್ಣ ಹಚ್ಚಿದರು. ಹಾಯಿ ಹೊಲಿದರು. ಹದಾರಾ ರೊಟ್ಟಿ ಒಣಗಿಸಿ ಡಬ್ಬ ತುಂಬಿದಳು, ಹುಳಿ ಮಾವಿನ ಹೋಳು ಉಪ್ಪಿಗೆ ಹಾಕಿದಳು. ಯಾವ ಕಡೆಯಿಂದ ಹಿಡಿದು ಎಣಿಸಿದರೂ ಲೆಕ್ಕ ಅಲ್ಲಿಗೇ ಬರುತ್ತಿತ್ತು. ಸುಮ್ಮನಿದ್ದರೆ ತಮ್ಮನೂ ಗಂಡನೂ ಇನ್ನಿಬ್ಬರೂ ಕಾಣದ ಕಣ್ಣನ್ನು ನಂಬಿ ಹೋಗುತ್ತಾರೆ. ಬಾಯಿಬಿಟ್ಟರೆ ಗಂಡ ಊರಲ್ಲಿ ತಲೆಯೆತ್ತುವುದಿಲ್ಲ. ಅವಮಾನವಾದ ಮೇಲೆ ಬದುಕುವ ಜಾತಿಯವನಲ್ಲ ಅವನು. ಬದೊಲ್ಲಾನೂ ಮಾತು ಕಡಿಮೆ ಮಾಡಿದ. ಒಮ್ಮೆ ಮಾತ್ರ, ಈ ಸಲ ಮುಸ್ತಾರಿಯನ್ನು ಮುಂದೆ ಕೂರಿಸಿಕೊಂಡು ಕೇಳಿ ಕೇಳಿ ನಡೆಸುತ್ತೇನೆ ಎಂದ. ಏನೆಂದು ಕೇಳುತ್ತೀರಿ ಎಂದಳು.

ಹೊರಡುವ ಬೆಳಿಗ್ಗೆ ಮಂದಾರ್ ತೀರದಲ್ಲಿ ಒಂದು ಕಟ್ಟುಪಾಡು. ತಾಂಡೇಲ ಮನೆಯ ನಡುಗಂಬ ಮುಟ್ಟಿ, ಬಲಗಾಲು ಮುಂದಿಟ್ಟು ಏಣಿ ಇಳಿದರೆ ತಿರುಗಿ ನೋಡುವಂತಿಲ್ಲ. ಹಿಂದಿನಿಂದ ಯಾರೂ ಕೂಗುವಂತಿಲ್ಲ. ಹೆಂಡತಿಯಂತೂ ಉಸಿರೂ ಎತ್ತುವಂತಿಲ್ಲ. ಅವಳು ಕರೆದರೆ ಅವನ ಜೀವದ ಒಂದು ಕೊಂಡಿ ಮನೆಯಲ್ಲೇ ಉಳಿಯುತ್ತದೆ, ಅಂಥವನನ್ನು ಕಡಲು ಆ ವರ್ಷ ಸೇರಿಸುವುದಿಲ್ಲ ಎಂದು ನಂಬಿಕೆ. ಅದಕ್ಕೇ ಎಷ್ಟೋ ಹೆಂಗಸರು ಆ ಹೊತ್ತಿಗೆ ಸೆರಗು ಬಾಯಿಗೆ ತುರುಕಿಕೊಂಡು ನಿಲ್ಲುತ್ತಿದ್ದರು.

ಬದೊಲ್ಲಾ ಕಂಬ ಮುಟ್ಟಿದ. ಇಳಿದ. ದಡದಲ್ಲಿ ಐವತ್ತು ಅರವತ್ತು ಜನ, ಇಮಾಮರು, ದೋಣಿಯ ಮೂತಿಯ ಹತ್ತಿರ ಮುಸ್ತಾರಿ. ಗಂಡ ಹೆಜ್ಜೆ ಎಣಿಸಿ ನಡೆಯುತ್ತಿರುವುದು ಅವಳಿಗೆ ಕಂಡಿತು. ಏಣಿಯಿಂದ ನೀರಿಗೆ ನಲವತ್ತೊಂದು ಹೆಜ್ಜೆ. ಇಪ್ಪತ್ತನೆಯದಕ್ಕೆ ಅವಳು ಬಾಗಿಲಿಗೆ ಬಂದಳು.

"ಬದೊಲ್ಲಾ" ಎಂದು ಕೂಗಿದಳು.

ನಾಸಿರಾನ ಅಪ್ಪ ಎನ್ನಲಿಲ್ಲ. ಮೂವತ್ತೊಂಬತ್ತು ವರ್ಷದಲ್ಲಿ ಒಮ್ಮೆಯೂ ಅವಳ ಬಾಯಿಂದ ಬಂದಿರದ ಹೆಸರು, ಮೈಮೇಲೆ ಬಟ್ಟೆಯಿಲ್ಲದ ಹಾಗೆ, ದಡದ ಮೇಲೆ ಬಿತ್ತು. ಅವನು ನಿಂತ. ಎಲ್ಲರೂ ನಿಂತರು. ಮುದುಕಿಯೊಬ್ಬಳು ಕಿವಿ ಮುಚ್ಚಿಕೊಂಡಳು. "ಬದೊಲ್ಲಾ, ವಾಪಸ್ ಬಾ" ಎಂದು ಎರಡನೆಯ ಸಲ ಕೂಗಿದಳು. ಒಂದೇ ಸಲವಾದರೆ ಗಾಳಿಯ ಸದ್ದು ಎಂದು ತಳ್ಳಿಹಾಕುವವರಿದ್ದರು.

ಇಮಾಮರು ಮುಂದೆ ಬಂದು, ಹಿಂದಿನಿಂದ ಕರೆಸಿಕೊಂಡವನು ಈ ವರ್ಷ ಚುಕ್ಕಾಣಿ ಹಿಡಿಯುವುದು ಬೇಡ, ಮುಸ್ತಾರಿ ಹಿಡಿಯಲಿ ಎಂದರು. ಮುಸ್ತಾರಿ ಅಕ್ಕನ ಕಡೆ ನೋಡಿದ ನೋಟವನ್ನು ಅವಳು ಸಾಯುವವರೆಗೆ ಯಾರಿಗೂ ವರ್ಣಿಸಲಿಲ್ಲ. ಮೂರೇ ಜನರಿದ್ದ ದೋಣಿ ಹೊರಟಿತು. ಬದೊಲ್ಲಾ ಬಂದ ಹೆಜ್ಜೆಯನ್ನೇ ಹಿಂದಕ್ಕೆ ಎಣಿಸಿಕೊಂಡು ಬಂದ, ಏಣಿ ಹತ್ತಿದ, ಕಾಲು ತೊಳೆದ. ಮಧ್ಯಾಹ್ನದವರೆಗೆ ಗೋಡೆಗೆ ಮುಖ ಮಾಡಿ ಕೂತಿದ್ದ. ಆಮೇಲೆ, "ಅನ್ನ ಇದ್ರೆ ಹಾಕು" ಎಂದ. ಆ ವಿಷಯದ ಬಗ್ಗೆ ಅವನು ಅವಳ ಜೊತೆ ಆಡಿದ ಮಾತು ಅದೊಂದೇ.

ದೋಣಿ ಇಪ್ಪತ್ತೆರಡು ದಿನಕ್ಕೆ ಬುಟ್ಟಿ ತುಂಬ ಮೊಟ್ಟೆ ತಂದಿತು. ಮರುವರ್ಷ ಬದೊಲ್ಲಾ ತಾನೇ, ಒಮ್ಮೆ ಕರೆಸಿಕೊಂಡವನು ನಾನು, ನನಗೆ ಇನ್ನು ಬೇಡ ಎಂದ. ಅವನ ಗೌರವಕ್ಕೆ ಗೀರೂ ಬೀಳಲಿಲ್ಲ. ಹೆಂಡತಿಯ ದೆಸೆಯಿಂದ ಕಡಲು ಕಳೆದುಕೊಂಡವನೆಂದು ಅಯ್ಯೋ ಎಂದರು. ಬಿದ್ದದ್ದೆಲ್ಲ ಹದಾರಾಳ ಮೇಲೆ. ಗಂಡನ ಕಾಲು ಎಳೆದವಳು ನೇಯ್ದ ಬಟ್ಟೆಯನ್ನು ಮದುವೆಗೆ ಯಾರು ಉಡುತ್ತಾರೆ. ಹುಡುಕಿಕೊಂಡು ಬರುವವರು ನಿಂತರು. ಎಡ ಅಂಚಿನ ಗೀಟು ನೋಡಿದ ವ್ಯಾಪಾರಿಗಳು ಬಟ್ಟೆ ಮಡಚಿ ವಾಪಸು ಕೊಟ್ಟರು. ಅವಳು ಹಣಿಗೆ ಬದಲಾಯಿಸಲಿಲ್ಲ. ದೂರದಿಂದ ಬರುವವನೊಬ್ಬನಿಗೆ ಅರ್ಧ ಬೆಲೆಗೆ ಮಾರಿದಳು. ಮುಸ್ತಾರಿ ಎರಡು ವರ್ಷ ಮನೆಯ ಏಣಿ ಹತ್ತಲಿಲ್ಲ.

ಬದೊಲ್ಲಾನ ಕಣ್ಣು ಮಸುಕಾಗುತ್ತ ಹೋಯಿತು. ಅದನ್ನು ಮುಚ್ಚುವುದೇ ಇಬ್ಬರ ಸಂಸಾರವಾಯಿತು. ಅವಳು ಲೋಟ ಯಾವಾಗಲೂ ಒಂದೇ ಜಾಗದಲ್ಲಿ ಇಡುತ್ತಿದ್ದಳು. ಯಾರಾದರೂ ಏಣಿ ಹತ್ತುವಾಗ ಅವರ ಹೆಸರು ಹಿಡಿದು ಜೋರಾಗಿ ಬಾ ಎನ್ನುತ್ತಿದ್ದಳು, ಅವನಿಗೆ ಗೊತ್ತಾಗಲೆಂದು. ಸಂಜೆ ಯಾವ ನಕ್ಷತ್ರ ಎಲ್ಲಿ ಎದ್ದಿದೆ ಎಂದು ಹೇಳುತ್ತಿದ್ದಳು. ಮರುದಿನ ಅವನು ಅಂಗಡಿಯಲ್ಲಿ ಕೂತು ಅದನ್ನೇ ಹೊಸ ಖಲಾಸಿಗಳಿಗೆ ಹೇಳುತ್ತಿದ್ದ.

ಆರು ವರ್ಷದ ಮೇಲೆ ಶಾಲೆಯಲ್ಲಿ ಕಣ್ಣಿನ ಶಿಬಿರ ನಡೆಯಿತು. ಪೊರೆ ತೆಗೆಯುವುದು ಅರ್ಧ ಗಂಟೆಯ ಕೆಲಸವೆಂದು ರಂತೆ ಮೇಷ್ಟ್ರು ಅವಳ ಕಿವಿಯಲ್ಲಿ ಹೇಳಿದರು. ಅವರಿಗೆ ಯಾವಾಗ ತಿಳಿಯಿತೋ, ಅವಳು ಕೇಳಲಿಲ್ಲ. ತನ್ನ ಕಣ್ಣು ಮಂಜು ಎಂದು ಊರಿಗೆಲ್ಲ ಹೇಳಿ, ಪಟ್ಟಿಯಲ್ಲಿ ಎರಡು ಹೆಸರು ಬರೆಸಿ, ಜೊತೆಗೆ ಬನ್ನಿ ಎಂದು ಗಂಡನನ್ನು ಹೊರಡಿಸಿದಳು. ಶಾಲೆಯ ಬಾಗಿಲವರೆಗೆ ಅವನು ಬಂದ. ಒಳಗೆ ಬೆಂಚಿನ ಮೇಲೆ ಅರ್ಧ ಊರು ಕೂತು ಹರಟುತ್ತಿತ್ತು. ಅವನು ಆ ಧ್ವನಿಗಳನ್ನು ಒಂದೊಂದಾಗಿ ಕೇಳಿಸಿಕೊಂಡ. ಮುಸ್ತಾರಿಯದೂ ಇತ್ತು.

"ನನ್ನ ಕಣ್ಣಿಗೇನಾಗಿದೆ? ಇವಳನ್ನ ನೋಡಿ" ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿ ಹೊಸ್ತಿಲ ಆಚೆ ಸರಿದ.

ಬಿಳಿ ಅಂಗಿಯ ಹುಡುಗಿ ಹದಾರಾಳ ಕಣ್ಣಿಗೆ ಬ್ಯಾಟರಿ ಬಿಟ್ಟು, ಎರಡೂ ಚೆನ್ನಾಗಿದೆಯಲ್ಲ ಅಜ್ಜಿ, ಸುಮ್ಮನೆ ಬಂದಿರಾ ಎಂದಳು. ಬೆಂಚಿನವರು ನಕ್ಕರು. ಹದಾರಾ ಸೆರಗು ಸರಿ ಮಾಡಿಕೊಂಡು ಹೊರಗೆ ಬಂದಳು. ವಾಪಸು ಹೋಗುವಾಗ ಅವನ ಕೈ ಅವಳ ಹೆಗಲ ಮೇಲಿತ್ತು. ನೋಡಿದ ಹೆಂಗಸರು, ಗಂಡನನ್ನು ಹಿಂದಿನಿಂದ ಕರೆದಿದ್ದು ಸಾಲದೆಂದು ಈಗ ಕಟ್ಟಿಕೊಂಡೇ ತಿರುಗುತ್ತಾಳೆ ಎಂದರು. ಅದು ಅವಳಿಗೆ ಕೇಳಿಸಿತು.

ಅಂಗಡಿಯ ಒಳಗಿಂದ ಬಾಚೋ ಕರೆದ. "ಪುಆ, ಈ ವರ್ಷಾನೂ ಆ ಕಂಪನಿ ಕ್ಯಾಲೆಂಡರ್ ಕಳಿ‌ಸಿದೆ. ಈ ಸಲ ಬಣ್ಣ ಇನ್ನೂ ಜಾಸ್ತಿ ಬಳಿದಿದ್ದಾರೆ. ನೋಡ್ತೀರಾ?"

"ಸುಳ್ಳನ್ನ ಎಷ್ಟು ಸಲ ನೋಡೋದು ಬಾಚೋ" ಎಂದ ಬದೊಲ್ಲಾ.

ಹೆಗಲ ಮೇಲಿನ ಬೆರಳು ಬಿಗಿಯಾಯಿತು. ಎರಡು ಹೆಜ್ಜೆ ಮುಂದೆ ಅಲೆ ಕೊರೆದ ಹಳ್ಳವಿತ್ತು. "ಎಡಕ್ಕೆ" ಎಂದಳು ಹದಾರಾ, ತುಟಿ ಅಲ್ಲಾಡಿಸದೆ. ಅವನು ಎಡಕ್ಕೆ ಸರಿದ.